ದೊಡ್ಡ ಟಿಗ್ ಯಂತ್ರವನ್ನು ಕೊಳ್ಳುವ ಮುನ್ನ

ಎಂಟನೆಯ ತರಗತಿ ತೇರ್ಗಡೆಯಾದವರೂ ಸೇರಬಹುದಾದ, ಒಂದೇ ವರ್ಷದಲ್ಲಿ ಮುಗಿಯುವ ಐಟಿಐ ತರಬೇತಿಗಳಲ್ಲಿ ವೆಲ್ಡರ್ ವೃತ್ತಿಯೂ ಒಂದು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಂದ ಹೊರಬಂದ ಅನೇಕ ತರುಣರು ಈ ದಾರಿಯನ್ನು ಹಿಡಿದಿದ್ದಾರೆ. ಕೆಲವು ವರ್ಷ ಮಂಗಳೂರಿನಲ್ಲೋ ಗಲ್ಫ್ ದೇಶಗಳಲ್ಲೋ ದುಡಿದು, ಊರಿಗೆ ಮರಳಿ, ಮನೆಯ ಬದಿಯ ಶೆಡ್ಡಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದವರು ಕುಂಬಳೆಯಿಂದ ಮುಳ್ಳೇರಿಯದವರೆಗೆ ಕಾಣಸಿಗುತ್ತಾರೆ. ಮೆಟ್ಟಿಲಿಗೆ ಸ್ಟೀಲ್ ರೇಲಿಂಗು, ಅಂಗಳಕ್ಕೆ ಗೇಟು, ತೋಟದ ಪಂಪಿನ ದುರಸ್ತಿ ಇವೇ ಅವರ ನಿತ್ಯದ ಕೆಲಸಗಳು. ಹಲವರದು ಸಿಂಗಲ್ ಫೇಸ್ ಸಂಪರ್ಕ.

ಒಂದೆರಡು ವರ್ಷ ಕಳೆದ ಮೇಲೆ ಇವರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಈಗಿರುವ 160 ಆಂಪಿನ ಟಿಗ್ ಯಂತ್ರ ಸಾಲದು, 200, 250 ಅಥವಾ 300ರಲ್ಲಿ ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಯ ಹಿಂದೆ ಅಡವಿಟ್ಟ ಚಿನ್ನವೋ ಸಹಕಾರಿ ಬ್ಯಾಂಕಿನ ಸಾಲವೋ ಇರುವುದರಿಂದ ಇದು ಇಡೀ ಮನೆಯ ಪ್ರಶ್ನೆ. ವಕೀಲನಾದ ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ಹೊಸ ಯಂತ್ರ ಬಂದ ಕೆಲವು ತಿಂಗಳಿಗೆ ಹೆಚ್ಚುವರಿ ವಿದ್ಯುತ್ ಶುಲ್ಕದ ಆದೇಶವನ್ನು ಕೈಯಲ್ಲಿ ಹಿಡಿದು ಕಚೇರಿಗೆ ಬರುವವರಿದ್ದಾರೆ. ಯಂತ್ರವನ್ನು ಆರಿಸುವಾಗಲೇ ಅರ್ಧ ಗಂಟೆ ಲೆಕ್ಕ ಹಾಕಿದ್ದರೆ ಅವರಲ್ಲಿ ಕೆಲವರಿಗಾದರೂ ವಕೀಲರ ಅಗತ್ಯ ಬೀಳುತ್ತಿರಲಿಲ್ಲ. ಆ ಲೆಕ್ಕವನ್ನು ಇಲ್ಲಿ ಕ್ರಮವಾಗಿ ಮುಂದಿಡುತ್ತೇನೆ. ಕೆಲಸಕ್ಕೆ ಬೇಕಾದಷ್ಟು, ತಂತಿ ತಾಳುವಷ್ಟು, ಕಾಗದದಲ್ಲಿ ಮಂಜೂರಾದಷ್ಟು: ಈ ಮೂರೂ ಒಂದಾಗುವಲ್ಲಿ ಯಂತ್ರದ ನಿಜವಾದ ಬಲವಿದೆ.

ಕೆಲಸಕ್ಕೆ ಎಷ್ಟು ಬೇಕು?

ಟಿಗ್ ವಿಧಾನದಲ್ಲಿ ಕರಗದ ಟಂಗ್‌ಸ್ಟನ್ ಮೊನೆಗೂ ಲೋಹಕ್ಕೂ ನಡುವೆ ವಿದ್ಯುತ್ ಜ್ವಾಲೆ ಉರಿಯುತ್ತದೆ. ಸುತ್ತಲೂ ಹರಿಯುವ ಆರ್ಗಾನ್ ಅನಿಲವು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಕಬ್ಬಿಣದ ದಪ್ಪಕ್ಕೆ ಮಿಲಿಮೀಟರಿಗೆ ಸುಮಾರು 40 ಆಂಪ್ ಎಂಬುದು ವೃತ್ತಿಯವರ ರೂಢಿಯ ಲೆಕ್ಕ. ಸ್ಟೇನ್‌ಲೆಸ್ ಸ್ಟೀಲಿಗೆ ಇದಕ್ಕಿಂತ ತುಸು ಕಡಿಮೆ ಸಾಕು. ರೇಲಿಂಗಿಗೆ ಬಳಸುವ 1.2ರಿಂದ 1.5 ಮಿಲಿಮೀಟರ್ ದಪ್ಪದ ಕೊಳವೆಗೆ 60 ಆಂಪ್ ದಾಟುವ ಪ್ರಸಂಗ ವಿರಳ. 3 ಮಿಲಿಮೀಟರ್ ತಗಡಿಗೂ 120 ಆಂಪ್ ಸಾಕಾಗುತ್ತದೆ. ಹಾಗಾದರೆ 160 ಆಂಪಿನ ಯಂತ್ರ ಸಾಲದೆಂದು ತೋರುವುದೇಕೆ?

ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಮೊದಲನೆಯದು ಅಲ್ಯುಮಿನಿಯಂ. ಬೈಕಿನ ಇಂಜಿನ್ ಕವಚ, ಪಂಪಿನ ಹೊರಕವಚ, ಮೀನುಗಾರಿಕಾ ದೋಣಿಯ ಇಂಜಿನ್ ಭಾಗಗಳು ದುರಸ್ತಿಗೆ ಬರುತ್ತವೆ. ಅಲ್ಯುಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೇಲ್ಮೈಯಲ್ಲಿರುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಆ ಪೊರೆಯನ್ನು ಒಡೆದು ಶುದ್ಧಗೊಳಿಸಲು ದಿಕ್ಕು ಬದಲಿಸುತ್ತಿರುವ ಎಸಿ ಪ್ರವಾಹ ಬೇಕಾಗುತ್ತದೆ. ಡಿಸಿ ಮಾತ್ರ ಇರುವ ಯಂತ್ರ 300 ಆಂಪಿನದಾದರೂ ಈ ಕೆಲಸಕ್ಕೆ ಒದಗದು. ಎಸಿ, ಡಿಸಿ ಎರಡೂ ಇರುವ 200 ಆಂಪಿನ ಯಂತ್ರ ಒದಗುತ್ತದೆ. ಅಂಥದರಲ್ಲಿ 3ರಿಂದ 4 ಮಿಲಿಮೀಟರ್ ಅಲ್ಯುಮಿನಿಯಂ ಸಲೀಸು. 6 ಮಿಲಿಮೀಟರಿಗೆ ಲೋಹವನ್ನು ಮೊದಲೇ ಬಿಸಿ ಮಾಡಿಕೊಳ್ಳಬೇಕಾದೀತು.

ಎರಡನೆಯ ಕಾರಣ, ಕೆಲಸದ ನಡುವೆ ಯಂತ್ರ ಬಿಸಿಯಾಗಿ ನಿಂತುಬಿಡುವುದು. ಇದರ ಗುಟ್ಟು ಡ್ಯೂಟಿ ಸೈಕಲ್ ಎಂಬ ಅಂಕಿಯಲ್ಲಿದೆ. ಹತ್ತು ನಿಮಿಷಗಳಲ್ಲಿ ಎಷ್ಟು ನಿಮಿಷ ಆ ಆಂಪಿನಲ್ಲಿ ಎಡೆಬಿಡದೆ ಉರಿಸಬಹುದು ಎಂಬುದನ್ನು ಅದು ಹೇಳುತ್ತದೆ. 200 ಆಂಪಿಗೆ ಶೇಕಡಾ 25 ಎಂದು ಬರೆದಿದ್ದರೆ ಎರಡೂವರೆ ನಿಮಿಷ ದುಡಿಮೆ, ಏಳೂವರೆ ನಿಮಿಷ ವಿಶ್ರಾಂತಿ. ಆ ಯಂತ್ರ ನಿಲ್ಲದೆ ದುಡಿಯಬಲ್ಲದ್ದು ಸುಮಾರು 100 ಆಂಪಿನಲ್ಲಿ. ಅದೇ 200 ಆಂಪಿಗೆ ಶೇಕಡಾ 60 ಎಂದಿದ್ದರೆ ನಿಲ್ಲದೆ ದುಡಿಯುವ ಮಿತಿ 155 ಆಂಪಿನವರೆಗೆ ಏರುತ್ತದೆ. ಪೆಟ್ಟಿಗೆಯ ಮೇಲೆ ಎರಡಕ್ಕೂ 200 ಎಂದೇ ಬರೆದಿರುತ್ತದೆ. ಬೆಲೆಯಲ್ಲಿ ಮಾತ್ರ ಅಂತರವಿರುತ್ತದೆ. ಈ ಅಂಕಿಯನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಲಾಗಿದೆಯೇ ಎಂಬುದನ್ನೂ ನೋಡಬೇಕು. ತಂಪಾದ ಕೋಣೆಯಲ್ಲಿ ಅಳೆದ ಅಂಕಿಯು ನಮ್ಮ ಏಪ್ರಿಲ್ ತಿಂಗಳ ತಗಡಿನ ಮಾಡಿನಡಿಯಲ್ಲಿ ನಿಲ್ಲದು.

ಟಾರ್ಚಿನ ಮಿತಿಯನ್ನೂ ಮರೆಯುವಂತಿಲ್ಲ. ಗಾಳಿಯಿಂದ ತಣಿಯುವ 17ನೆಯ ಸಂಖ್ಯೆಯ ಟಾರ್ಚು ಡಿಸಿಯಲ್ಲಿ ತಾಳುವುದು ಸುಮಾರು 150 ಆಂಪ್. 26ನೆಯದು ಸುಮಾರು 200 ಆಂಪ್. ಎಸಿಯಲ್ಲಿ ಈ ಮಿತಿ ಇನ್ನೂ ತಗ್ಗುತ್ತದೆ. ಅದಕ್ಕಿಂತ ಮೇಲೆ ದೀರ್ಘಕಾಲ ದುಡಿಯಬೇಕಾದರೆ ನೀರಿನಿಂದ ತಣಿಯುವ ಟಾರ್ಚು ಬೇಕು, ಅದಕ್ಕೆ ನೀರಿನ ಪಂಪು ಬೇಕು, ಆ ಪಂಪಿಗೂ ವಿದ್ಯುತ್ ಬೇಕು. ಯಂತ್ರದ ಬೆಲೆಗೆ ಇವನ್ನೆಲ್ಲ ಸೇರಿಸಿ ಕೂಡಿದಾಗಲೇ ನಿಜವಾದ ಖರ್ಚು ತಿಳಿಯುತ್ತದೆ.

ತಂತಿ ಎಷ್ಟು ತಾಳುತ್ತದೆ?

ಇನ್ನು ವಿದ್ಯುತ್ತಿನ ಲೆಕ್ಕ. ಇದಕ್ಕೆ ಶಾಲೆಯ ಗಣಿತವೇ ಸಾಕು. ಯಂತ್ರಗಳನ್ನು ಅಳೆಯುವ ಮಾನದಂಡದ ಪ್ರಕಾರ ಟಿಗ್ ಜ್ವಾಲೆಯ ವೋಲ್ಟೇಜು 10ಕ್ಕೆ ಆಂಪಿನ ನೂರರಲ್ಲಿ ನಾಲ್ಕು ಪಾಲನ್ನು ಕೂಡಿಸಿದಷ್ಟು. 200 ಆಂಪಿಗೆ 18 ವೋಲ್ಟ್. ಎರಡನ್ನೂ ಗುಣಿಸಿದರೆ 3,600 ವ್ಯಾಟ್. ಯಂತ್ರದ ದಕ್ಷತೆ ಶೇಕಡಾ 80 ಎಂದುಕೊಂಡರೆ ಗೋಡೆಯಿಂದ ಸೆಳೆಯುವುದು 4,500 ವ್ಯಾಟ್. ಪವರ್ ಫ್ಯಾಕ್ಟರ್ 0.7 ಇರುವ ಸಾಧಾರಣ ಇನ್ವರ್ಟರ್ ಯಂತ್ರವು ಅಷ್ಟಕ್ಕೆ 230 ವೋಲ್ಟಿನಲ್ಲಿ ಸುಮಾರು 28 ಆಂಪ್ ಎಳೆಯುತ್ತದೆ. ಪವರ್ ಫ್ಯಾಕ್ಟರನ್ನು ಸರಿಪಡಿಸುವ ಸರ್ಕ್ಯೂಟು ಒಳಗೇ ಇರುವ ಯಂತ್ರಕ್ಕೆ 20 ಆಂಪ್ ಸಾಕು. ಸಿಂಗಲ್ ಫೇಸಿನವರಿಗೆ ಈ ಸೌಲಭ್ಯ ದುಬಾರಿಯಾದರೂ ವ್ಯರ್ಥವಲ್ಲ. ಮನೆಯ ದೊಡ್ಡ ಪ್ಲಗ್ಗಿನ ಮಿತಿ 16 ಆಂಪ್ ಎಂಬುದನ್ನು ಇಲ್ಲಿ ನೆನೆಯಬೇಕು.

ಇದೇ ಕ್ರಮದಲ್ಲಿ 250 ಆಂಪಿನ ಸಾಧಾರಣ ಯಂತ್ರ ಸುಮಾರು 39 ಆಂಪನ್ನೂ, 300 ಆಂಪಿನದು ಸುಮಾರು 51 ಆಂಪನ್ನೂ ಸೆಳೆಯುತ್ತದೆ. ಟಿಗ್ ಯಂತ್ರದಲ್ಲೇ ರಾಡ್ ವೆಲ್ಡಿಂಗನ್ನೂ ಮಾಡುವುದು ನಮ್ಮಲ್ಲಿ ವಾಡಿಕೆ. ರಾಡಿನ ಜ್ವಾಲೆಗೆ 10 ವೋಲ್ಟ್ ಹೆಚ್ಚು ಬೇಕಾಗುವುದರಿಂದ 200 ಆಂಪಿನಲ್ಲಿ ರಾಡ್ ಉರಿಸಿದರೆ ಸೆಳೆತ ಸುಮಾರು 43 ಆಂಪಿಗೆ ಏರುತ್ತದೆ. ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿದರೆ ಅದೇ ಶಕ್ತಿಗಾಗಿ ಯಂತ್ರವು ಇನ್ನೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ: 28 ಇದ್ದದ್ದು 36 ಆಗುತ್ತದೆ. ತಂತಿ ಬಿಸಿಯಾಗುವುದೂ ನೆರೆಮನೆಯ ದೀಪ ಮಂಕಾಗುವುದೂ ಆಗಲೇ. ಆದುದರಿಂದ ಯಂತ್ರವು ಎಷ್ಟು ವೋಲ್ಟಿನವರೆಗೆ ದುಡಿಯಬಲ್ಲದು ಎಂಬ ಸಾಲನ್ನು ಓದದೆ ಕೊಳ್ಳಬಾರದು.

ಮೀಟರಿನಿಂದ ಶೆಡ್ಡಿಗೆ 30 ಮೀಟರ್ ದೂರವಿದೆ ಎನ್ನೋಣ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 28 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 12 ವೋಲ್ಟ್ ನಷ್ಟವಾಗುತ್ತದೆ. 6 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ 5 ವೋಲ್ಟಿನಷ್ಟು ಮಾತ್ರ. ದಪ್ಪ ತಂತಿ, ಪ್ರತ್ಯೇಕ ಎಂಸಿಬಿ, ಕೈಗಾರಿಕಾ ಮಾದರಿಯ ಸಾಕೆಟ್, ಸರಿಯಾದ ಅರ್ತಿಂಗ್ ಇವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಬೇಕು. ಶೆಡ್ಡು ಮನೆಗೆ ತಾಗಿಕೊಂಡಿದ್ದರೆ ಮಕ್ಕಳ ಕಣ್ಣಿಗೆ ಜ್ವಾಲೆ ಕಾಣದಂತೆ ಪರದೆ ಬೇಕು. ಆರ್ಗಾನ್ ಗಾಳಿಗಿಂತ ಭಾರವಾದ, ವಾಸನೆಯಿಲ್ಲದ ಅನಿಲ. ಮುಚ್ಚಿದ ಕೋಣೆಯಲ್ಲಿ ಅದು ಉಸಿರಾಟದ ಗಾಳಿಯ ಜಾಗವನ್ನೇ ಆಕ್ರಮಿಸುತ್ತದೆ. ಕಿಟಕಿ, ಬಾಗಿಲು ತೆರೆದಿರಲಿ.

ಕಾಗದ ಏನನ್ನುತ್ತದೆ?

ವಿದ್ಯುತ್ ಸಂಪರ್ಕವೆಂದರೆ ಒಂದು ಕರಾರು. ಇಷ್ಟು ಕಿಲೋವ್ಯಾಟ್, ಇಂಥ ಉದ್ದೇಶಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ಈ ಎರಡರಲ್ಲಿ ಯಾವುದನ್ನು ಮೀರಿದರೂ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಸೆಕ್ಷನ್ ಎದುರಾಗುತ್ತದೆ. ಮನೆಯ ಬಳಕೆಗೆಂದು ಪಡೆದ ಸಂಪರ್ಕದಲ್ಲಿ ವರ್ಕ್‌ಶಾಪ್ ನಡೆಸುವುದು ಉದ್ದೇಶದ ಉಲ್ಲಂಘನೆ. ಮಂಜೂರಾದ ಹೊರೆಗಿಂತ ಹೆಚ್ಚು ಸೆಳೆಯುವುದೂ ಅನಧಿಕೃತ ಬಳಕೆಯೇ ಎಂದು ಒಡಿಶಾದ ಒಂದು ಅಕ್ಕಿ ಗಿರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತಿತು. ಕೇರಳದ ಸರಬರಾಜು ಸಂಹಿತೆಯಲ್ಲಿ, ಅದೇ ಕಟ್ಟಡದಲ್ಲಿ ಅದೇ ದರದಡಿ ಸೇರಿಸಿದ ಹೆಚ್ಚುವರಿ ಹೊರೆಗೆ ಬಹುಮಟ್ಟಿಗೆ ರಿಯಾಯಿತಿ ನೀಡುವ ಒಂದು ನಿಯಮವಿತ್ತು. ಅದು ಮೂಲ ಕಾಯಿದೆಗೆ ವಿರುದ್ಧವಾದುದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದುದರಿಂದ ‘ಎಲ್ಲರೂ ಹೀಗೆಯೇ ನಡೆಸುತ್ತಾರೆ’ ಎಂಬ ಮಾತು ಈಗ ರಕ್ಷಣೆಯಾಗದು.

ಶುಲ್ಕ ವಿಧಿಸುವುದು ಅನ್ವಯವಾಗುವ ದರದ ಎರಡು ಪಟ್ಟಿನಲ್ಲಿ. ಅನಧಿಕೃತ ಬಳಕೆ ಯಾವಾಗ ಆರಂಭವಾಯಿತೆಂದು ನಿರ್ಧರಿಸಲು ಸಾಧ್ಯವಾಗದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯಂತ್ರದ ಖರೀದಿ ಬಿಲ್ಲನ್ನು ಜೋಪಾನವಾಗಿಡಬೇಕೆಂಬುದಕ್ಕೆ ಇದೂ ಒಂದು ಕಾರಣ. ಯಂತ್ರ ಬಂದು ಮೂರೇ ತಿಂಗಳಾಯಿತೆಂದು ತೋರಿಸಲು ಅದು ನೆರವಾಗುತ್ತದೆ. ತಾತ್ಕಾಲಿಕ ಆದೇಶ ಬಂದಾಗ ಆಕ್ಷೇಪಣೆ ಸಲ್ಲಿಸುವ, ವಿಚಾರಣೆ ಪಡೆಯುವ ಹಕ್ಕಿದೆ. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ವಿಧಿಸಿದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು.

ಇದನ್ನೆಲ್ಲ ತಪ್ಪಿಸುವ ಮಾರ್ಗ ಸರಳ. ಹೊಸ ಯಂತ್ರ, ಗ್ರೈಂಡರು, ಕಟ್ಟಿಂಗ್ ಯಂತ್ರ, ಕಂಪ್ರೆಸರ್ ಎಲ್ಲವುಗಳ ಹೊರೆಯನ್ನು ಕೂಡಿಸಿ, ಯಂತ್ರ ಕೊಳ್ಳುವ ಮೊದಲೇ ಸೆಕ್ಷನ್ ಕಚೇರಿಯಲ್ಲಿ ಹೆಚ್ಚುವರಿ ಹೊರೆಗೆ ಅರ್ಜಿ ಕೊಡುವುದು. ಸಿಂಗಲ್ ಫೇಸಿಗೆ ಸಂಹಿತೆಯಲ್ಲೇ ಒಂದು ಮಿತಿಯಿದೆ; ಅದನ್ನು ದಾಟಿದರೆ ತ್ರೀ ಫೇಸಿಗೆ ಹೋಗಲೇಬೇಕು. ದಪ್ಪ ಲೋಹದ ಕೆಲಸ ನಿತ್ಯವೂ ಬರುವವರಿಗೆ ಅದೇ ಲೇಸು. ಸಿಂಗಲ್ ಫೇಸಿನಲ್ಲಿ 51 ಆಂಪ್ ಸೆಳೆಯುವ 300 ಆಂಪಿನ ಬೆಸುಗೆಗೆ ತ್ರೀ ಫೇಸಿನಲ್ಲಿ ತಂತಿಯೊಂದಕ್ಕೆ ಬೀಳುವುದು ಸುಮಾರು 17 ಆಂಪ್ ಮಾತ್ರ.

ಕೊಳ್ಳುವಾಗ

ನಮ್ಮವರು ಯಂತ್ರ ಕೊಳ್ಳಲು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವುದುಂಟು. ಅಂಗಡಿ ಬೇರೆ ರಾಜ್ಯದಲ್ಲಿದೆ, ಯಂತ್ರ ಕೆಟ್ಟರೆ ಕೇಳುವವರಾರು ಎಂಬ ಭಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂಬ ನಿಯಮ ಇದೆಯಾದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರನ್ನು ಕಾಯಿದೆಯು ಅದರಿಂದ ಹೊರಗಿಟ್ಟಿದೆ. ತನ್ನ ಶೆಡ್ಡಿನಲ್ಲಿ ತಾನೇ ದುಡಿಯುವ ವೆಲ್ಡರ್ ಈ ರಕ್ಷಣೆಗೆ ಅರ್ಹ. ಬೆಲೆಯಾಗಿ ತೆತ್ತ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ; ಕಾಲಮಿತಿ ಎರಡು ವರ್ಷ. ಆದರೆ ಇದಕ್ಕೆಲ್ಲ ಆಧಾರ ಜಿಎಸ್‌ಟಿ ಸಹಿತ ಬಿಲ್ಲು. ಅದರಲ್ಲಿ ಯಂತ್ರದ ಮಾದರಿ, ಕ್ರಮ ಸಂಖ್ಯೆ, ಗ್ಯಾರಂಟಿಯ ಅವಧಿ ಇರಲಿ. ‘ಸಿಂಗಲ್ ಫೇಸಿನಲ್ಲಿ 200 ಆಂಪ್, ಶೇಕಡಾ 60’ ಎಂದು ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳಿತು. ದುರಸ್ತಿ ಎಲ್ಲಿ ನಡೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನೂ ಹಣ ಕೊಡುವ ಮುನ್ನ ಕೇಳಿ.

ಭಾಷೆಯ ಬಗ್ಗೆ ಒಂದು ಮಾತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವ ಸಂವಿಧಾನದ 350ಎ ವಿಧಿ ನಮ್ಮ ಓದುಗರಿಗೆ ಚಿರಪರಿಚಿತ. ಅದರ ಹಿಂದಿನ 350ನೆಯ ವಿಧಿ ಅಷ್ಟು ಪರಿಚಿತವಲ್ಲ. ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿಯನ್ನು ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬನಿಗೂ ಕೊಟ್ಟಿದೆ. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆಯಲು ಅಂಜಿ ಕೈಕಟ್ಟಿ ಕುಳಿತು ಗಡುವು ಮೀರಿಸಿಕೊಳ್ಳುವುದಕ್ಕಿಂತ ಕನ್ನಡದಲ್ಲೇ ಬರೆದು, ಪ್ರತಿಯೊಂದನ್ನು ಇಟ್ಟುಕೊಂಡು, ಸ್ವೀಕೃತಿ ಪಡೆಯುವುದು ಮೇಲು.

ನನ್ನ ಸಲಹೆಯನ್ನು ಹೀಗೆ ಸಂಗ್ರಹಿಸಬಹುದು. ಸಿಂಗಲ್ ಫೇಸಿನ ಸಣ್ಣ ವರ್ಕ್‌ಶಾಪಿಗೆ 200 ಆಂಪಿನ, ಎಸಿ, ಡಿಸಿ ಎರಡೂ ಉಳ್ಳ, ಡ್ಯೂಟಿ ಸೈಕಲ್ ಹೆಚ್ಚಿರುವ, ಸಾಧ್ಯವಾದರೆ ಪವರ್ ಫ್ಯಾಕ್ಟರ್ ಸರಿಪಡಿಸುವ ಯಂತ್ರವು ಹೆಸರಿಗೆ 300 ಎಂದು ಬರೆದ ಅಗ್ಗದ ಯಂತ್ರಕ್ಕಿಂತ ಹೆಚ್ಚು ದುಡಿಯುತ್ತದೆ. ಮೊದಲು ಹೊರೆಗೆ ಮಂಜೂರಾತಿ, ಅನಂತರ ತಂತಿ, ಕೊನೆಗೆ ಯಂತ್ರ: ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಮನೆಯಲ್ಲಿ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿದ್ದರೆ ಮೇಲಿನ ಗುಣಾಕಾರವನ್ನು ಅವರಿಂದಲೇ ಮಾಡಿಸಿ ನೋಡಿ. ವಿಜ್ಞಾನದ ಪುಸ್ತಕದಲ್ಲಿ ಓದಿದ ವೋಲ್ಟು, ಆಂಪು, ವ್ಯಾಟುಗಳು ಅಣ್ಣನ ಸಾಲದ ಕಂತನ್ನು ಹೇಗೆ ನಿರ್ಧರಿಸುತ್ತವೆ ಎಂಬುದು ಅವರಿಗೂ ತಿಳಿಯಲಿ.