ಬಸವನಗುಡಿಯಲ್ಲಿ ಒಂದು ಕೋಣೆಯ ಮನೆ

ಸುಲೇಪೇಟೆಯಲ್ಲಿ ಶಹಾಬಾದು ಕಲ್ಲಿನ ಪಡಸಾಲೆಯಲ್ಲಿ ಬೆಳೆದ ತರುಣರು ಉದ್ಯೋಗವನ್ನರಸಿ ಬೆಂಗಳೂರಿಗೆ ಬಂದಾಗ ಬಸವನಗುಡಿಗೆ ಮನಸೋಲುವುದು ಸಹಜವೇ. 1898ರ ಪ್ಲೇಗು ಮಾರಿ ಹಳೆಯ ಪೇಟೆಯನ್ನು ನಡುಗಿಸಿದ ಕಾಲದಲ್ಲಿ ಗಾಳಿ ಬೆಳಕುಗಳನ್ನು ಬಯಸಿ ಬೆಳೆದ ಬಡಾವಣೆಯಿದು. ಗಾಂಧಿ ಬಜಾರಿನ ಹೂವಿನ ಕಂಪಿಗೂ ಇಲ್ಲಿ ಬಾಡಿಗೆಯುಂಟು!

ಆದರೆ ಒಂದೇ ಮಲಗುವ ಕೋಣೆಯ ಮನೆಗೂ ಬಾಡಿಗೆಗಿಂತ ಮುಂಗಡವೇ ಭಾರ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಹಳೆಯದು. ಊರಿನಲ್ಲಿ ತಂದೆ ತೊಗರಿ ಮಾರಿ ಕೂಡಿಟ್ಟ ಹಣವೆಲ್ಲ ಅದರಲ್ಲಿಯೇ ಅಡಗಿಬಿಡುತ್ತದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡೇ ತಿಂಗಳ ಮುಂಗಡವೆಂದು ಮಿತಿ ಹೇಳಿದೆ. ಮಾದರಿಯು ರಾಜ್ಯ ಅಂಗೀಕರಿಸಿದಲ್ಲಿ ಮಾತ್ರವೇ ಕಾನೂನು.

ಆದುದರಿಂದ ಹನ್ನೊಂದು ತಿಂಗಳ ಕರಾರಿಗೆ ರುಜು ಹಾಕುವ ಮುನ್ನ ಮುಂಗಡದ ರಸೀದಿ, ಸುಣ್ಣ ಬಣ್ಣದ ಖರ್ಚು, ಹಣ ಹಿಂದಿರುಗಿಸುವ ಗಡುವು ಇವನ್ನು ತಪ್ಪದೆ ಬರೆಯಿಸಿಕೊಳ್ಳಿರಿ. ಅದು ತಂದೆಯ ಬೆವರಿನ ಹಣ.