ಮ್ಯೂನಿಕ್‌ನಿಂದ ಮ್ಯೂನಿಕ್‌ಗೆ: ಐದು ದೇಶಗಳ ಹಾದಿ

ಮ್ಯೂನಿಕ್ ಬಿಟ್ಟು ಎ8 ಹೆದ್ದಾರಿಯಲ್ಲಿ ಆಗ್ನೇಯಕ್ಕೆ ಹೊರಟರೆ ಮೊದಲು ಸಿಗುವುದು ಹುಲ್ಲುಗಾವಲು, ಈರುಳ್ಳಿಯಾಕಾರದ ಗೋಪುರ ಹೊತ್ತ ಪುಟ್ಟ ಚರ್ಚುಗಳು, ಕೆಂಪು ಹೆಂಚಿನ ಮನೆಗಳು. ಮುಂದೆ ಎಡಕ್ಕೆ ಕೀಮ್‌ಝೇ ಸರೋವರ ಹೊಳೆಯುತ್ತದೆ, ಬಲಕ್ಕೆ ಆಲ್ಪ್ಸ್ ಗೋಡೆಯಂತೆ ಏಳುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ರಸ್ತೆ ಬದಿಯಲ್ಲೊಂದು ನೀಲಿ ಫಲಕ. ಅದರ ಮೇಲೆ ಹಳದಿ ನಕ್ಷತ್ರಗಳ ವೃತ್ತ, ನಡುವೆ ಆಸ್ಟ್ರಿಯಾದ ಹೆಸರು. ದೇಶ ಬದಲಾಯಿತು. ಕಾರು ಅದೇ ವೇಗದಲ್ಲಿ ಓಡುತ್ತಲೇ ಇದೆ.

ಮಧ್ಯ ಯುರೋಪಿನ ರಸ್ತೆ ಪ್ರವಾಸದ ಸೊಗಸು, ಸವಾಲು ಎರಡೂ ಇರುವುದು ಈ ಫಲಕದಲ್ಲೇ. ಗಡಿ ಕಣ್ಣಿಗೆ ಬೀಳುವುದಿಲ್ಲ. ಆದರೆ ದಾಟಿದ ಕ್ಷಣದಿಂದ ರಸ್ತೆ ಶುಲ್ಕ, ವೇಗದ ಮಿತಿ, ಜೇಬಿನ ಹಣ, ತಟ್ಟೆಯ ಊಟ ಬೇರೆಯಾಗುತ್ತವೆ. ಆದ್ದರಿಂದ ಇಲ್ಲಿನ ಪ್ರವಾಸಕ್ಕೆ ಕಿಲೋಮೀಟರ್ ಲೆಕ್ಕಕ್ಕಿಂತ ಗಡಿಗಳ ಲೆಕ್ಕ ಮುಖ್ಯ.

ನಕ್ಷೆ ಹರಡಿಕೊಂಡು ಒಂದು ವೃತ್ತ ಎಳೆಯೋಣ. ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ, ಬುಡಾಪೆಸ್ಟ್, ಬ್ರಾಟಿಸ್ಲಾವಾ, ಬರ್ನೋ, ಪ್ರಾಗ್, ಮತ್ತೆ ಮ್ಯೂನಿಕ್. ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಸ್ಲೊವಾಕಿಯಾ, ಜೆಕ್ ಗಣರಾಜ್ಯ ಸೇರಿ ಐದು ದೇಶ. ಅಡ್ಡದಾರಿಗಳೂ ಸೇರಿದರೆ ಸುಮಾರು 2,000 ಕಿ.ಮೀ. ಒಂದು ದೇಶದಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ದುಬಾರಿ ಶುಲ್ಕ ಬೀಳುವುದರಿಂದ ಹೊರಟಲ್ಲಿಗೇ ಮರಳುವುದು ಜಾಣತನ.

ಈ ವೃತ್ತದ ಮೊದಲ ಮೈಲಿಗಲ್ಲು ನೆಡುವುದು ಊರಿನಲ್ಲೇ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಎಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಸಲ್ಲಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವಯಸ್ಕರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ. ಮೂಲ ಡಿಎಲ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ. ಕಾರು ಕಾಯ್ದಿರಿಸುವಾಗ ಹೋಗುವ ದೇಶಗಳ ಹೆಸರನ್ನೆಲ್ಲ ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಅದಿಲ್ಲದೆ ಗಡಿ ದಾಟಿದರೆ ವಿಮೆ ಕೈಕೊಡುವ ಅಪಾಯವಿದೆ.

ಸಾಲ್ಜ್‌ಬರ್ಗ್‌ನಿಂದ ನೇರವಾಗಿ ವಿಯೆನ್ನಾಕ್ಕೆ ಮೂರೂವರೆ ಗಂಟೆಯ ಹಾದಿ. ಆದರೆ ಒಂದು ಇಡೀ ದಿನವನ್ನು ದಕ್ಷಿಣದ ಬೆಟ್ಟಗಳಿಗೆ ಮೀಸಲಿಡಲೇಬೇಕು. ಅಲ್ಲಿದೆ ಗ್ರೋಸ್‌ಗ್ಲೊಕ್ನರ್ ಪರ್ವತ ರಸ್ತೆ. ಎಂಜಿನಿಯರ್ ಫ್ರಾಂಝ್ ವಾಲಾಕ್ ರೂಪಿಸಿದ ಇದು 1935ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಉದ್ದ 48 ಕಿ.ಮೀ., ಹೇರ್‌ಪಿನ್ ತಿರುವುಗಳು 36. ಆಗುಂಬೆ ಘಾಟಿಯಲ್ಲಿ ಕೈ ಪಳಗಿದವರಿಗೂ ಇಲ್ಲಿ ಎದೆ ಝಲ್ಲೆನ್ನುತ್ತದೆ. ಒಂದೊಂದು ತಿರುವಿಗೂ ಕಾಡು ತೆಳುವಾಗುತ್ತದೆ. ಪೈನ್ ಮರಗಳು ಕುಬ್ಜವಾಗಿ, ಆಮೇಲೆ ಇಲ್ಲವಾಗಿ, ಬರೀ ಹುಲ್ಲು, ಬಂಡೆ, ಹಿಮ ಉಳಿಯುತ್ತವೆ. ಮೇ ತಿಂಗಳಲ್ಲಿ ಹೋದರೆ ರಸ್ತೆಯ ಎರಡೂ ಬದಿಗೆ ಕತ್ತರಿಸಿಟ್ಟ ಹಿಮದ ಗೋಡೆ ಕಾರಿಗಿಂತ ಎತ್ತರ ನಿಂತಿರುತ್ತದೆ. 2,369 ಮೀಟರ್ ಎತ್ತರದ ಕಟ್ಟೆಯೊಂದರ ಮೇಲೆ ನಿಂತರೆ ಎದುರಿಗೆ ಆಸ್ಟ್ರಿಯಾದ ಅತ್ಯುನ್ನತ ಶಿಖರ, 3,798 ಮೀಟರಿನ ಗ್ರೋಸ್‌ಗ್ಲೊಕ್ನರ್. ಅದರ ಬುಡದಲ್ಲಿ ಪಾಸ್ಟರ್ಝೆ ಹಿಮನದಿ. ಭೂಮಿ ಬಿಸಿಯಾದಂತೆ ಆ ಹಿಮನದಿ ವರ್ಷ ವರ್ಷವೂ ಹಿಂದೆ ಸರಿಯುತ್ತಿದೆ. ಅದು ಬಿಟ್ಟುಹೋದ ಬೂದುಬಣ್ಣದ ಕಲ್ಲಿನ ಕಣಿವೆ ನೋಡಿದಾಗ ಮನಸ್ಸು ಭಾರವಾಗುತ್ತದೆ.

ಈ ರಸ್ತೆ ಸಾಮಾನ್ಯವಾಗಿ ಮೇ ಮೊದಲ ವಾರದಿಂದ ನವೆಂಬರ್ ಆರಂಭದವರೆಗಷ್ಟೇ ತೆರೆದಿರುತ್ತದೆ, ರಾತ್ರಿ ಮುಚ್ಚುತ್ತದೆ. ಪ್ರವೇಶಕ್ಕೆ ಪ್ರತ್ಯೇಕ ಟಿಕೆಟ್ ಇದೆ. ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಕಡಿಮೆ ಗೇರ್‌ನಲ್ಲಿ ಇಳಿಯಬೇಕು. ಇಡೀ ಪ್ರವಾಸದ ತಿಂಗಳನ್ನು ಈ ರಸ್ತೆಯೇ ನಿರ್ಧರಿಸಲಿ. ಜೂನ್ ಆದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಾದರೆ ನಾಲ್ಕು ಗಂಟೆಗೇ ಕತ್ತಲು.

ವಿಯೆನ್ನಾ ತಲುಪುವ ಮುನ್ನ ಹೆದ್ದಾರಿ ಬಿಟ್ಟು ಮೆಲ್ಕ್‌ನಲ್ಲಿ ಡ್ಯಾನ್ಯೂಬ್ ನದಿಯ ದಡಕ್ಕೆ ಇಳಿಯಬೇಕು. ಅಲ್ಲಿಂದ ಕ್ರೆಮ್ಸ್‌ವರೆಗಿನ ಕಣಿವೆಯೇ ವಾಖಾವ್. 2000ದಿಂದ ವಿಶ್ವ ಪರಂಪರೆಯ ತಾಣ. ಬಂಡೆಯ ಮೇಲೆ ಹಳದಿ ಬಣ್ಣದ ಬೃಹತ್ ಮಠ, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ನದಿಯ ಪಕ್ಕದಲ್ಲಿ ಏಪ್ರಿಕಾಟ್ ಮರಗಳು. ಡ್ಯುರ್ನ್‌ಸ್ಟೈನ್ ಊರಿನ ನೆತ್ತಿಯ ಮೇಲಿನ ಪಾಳುಕೋಟೆಯಲ್ಲೇ 1192ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ರಿಚರ್ಡ್ ಸೆರೆಯಲ್ಲಿದ್ದ. ಒಂದು ಗಂಟೆಯೊಳಗೆ ದಾಟಬಹುದಾದ ಈ ದಾರಿಗೆ ಅರ್ಧ ದಿನ ಕೊಟ್ಟರೂ ಕಡಿಮೆಯೇ.

ವಿಯೆನ್ನಾದಲ್ಲಿ ಕಾರು ಹೊರೆ. 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಇಡೀ ನಗರ ಅಲ್ಪಾವಧಿ ಪಾರ್ಕಿಂಗ್ ವಲಯವಾಗಿದೆ. ಊರಂಚಿನ ಮೆಟ್ರೊ ನಿಲ್ದಾಣದ ಪಕ್ಕ ಕಾರು ನಿಲ್ಲಿಸಿ ರೈಲು ಹತ್ತುವುದು ಸುಖ. ಹಳೆಯ ಕಾಫಿ ಮನೆಯೊಂದರಲ್ಲಿ ಬೆಳ್ಳಿಬಣ್ಣದ ತಟ್ಟೆಯ ಮೇಲೆ ಕಾಫಿ, ಪಕ್ಕದಲ್ಲೊಂದು ಲೋಟ ನೀರು ಬರುತ್ತದೆ. ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸುವುದಿಲ್ಲ. ಬುಡಾಪೆಸ್ಟ್, ಪ್ರಾಗ್‌ಗಳಿಗೂ ಇದೇ ಪಾಠ ಅನ್ವಯ: ನಗರದೊಳಗೆ ಟ್ರಾಮು, ನಗರ ನಗರಗಳ ನಡುವೆ ಕಾರು.

ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ನೇರ ಹೆದ್ದಾರಿಯಿದ್ದರೂ ಶೋಪ್ರೋನ್ ಕಡೆಯಿಂದ ಹೋಗುವುದು ಮೇಲು. ಊರ ಹೊರಗೆ ಹೊಲಗಳ ನಡುವೆ ಒಂದು ಸ್ಮಾರಕ ಉದ್ಯಾನ. 1989ರ ಆಗಸ್ಟ್ 19ರಂದು ಇಲ್ಲಿ ಹಂಗೇರಿ, ಆಸ್ಟ್ರಿಯಾದ ಜನ ಕೂಡಿ ಗಡಿಯಲ್ಲೇ ವನಭೋಜನ ಏರ್ಪಡಿಸಿದ್ದರು. ಕೆಲವೇ ಗಂಟೆಗಳ ಮಟ್ಟಿಗೆ ಬಾಗಿಲು ತೆರೆಯುವ ಒಪ್ಪಂದವಾಗಿತ್ತು. ಅಂದು ಪೂರ್ವ ಜರ್ಮನಿಯ ಆರುನೂರಕ್ಕೂ ಹೆಚ್ಚು ಮಂದಿ, ಮಕ್ಕಳನ್ನು ಎತ್ತಿಕೊಂಡು, ಆ ಮರದ ಬಾಗಿಲು ತಳ್ಳಿಕೊಂಡು ಪಶ್ಚಿಮಕ್ಕೆ ಓಡಿದರು. ಕಾವಲುಗಾರರು ಗುಂಡು ಹಾರಿಸಲಿಲ್ಲ. ಮೂರು ತಿಂಗಳೊಳಗೆ ಬರ್ಲಿನ್ ಗೋಡೆಯೇ ಬಿತ್ತು. 2007ರ ಡಿಸೆಂಬರ್‌ನಲ್ಲಿ ಹಂಗೇರಿ, ಸ್ಲೊವಾಕಿಯಾ, ಜೆಕ್ ಗಣರಾಜ್ಯಗಳು ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಷೆಂಗೆನ್ ವಲಯಕ್ಕೆ ಸೇರಿದವು. ಇಂದು ನಾವು ನಿಲ್ಲದೆ ದಾಟುವ ಗಡಿಗೆ ಅಂದಿನವರು ಪ್ರಾಣ ಪಣಕ್ಕಿಟ್ಟಿದ್ದರು. ಈಚೆಗೆ ಕೆಲವು ಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಮರಳಿದೆ, ಪಾಸ್‌ಪೋರ್ಟ್ ಕೈಗೆಟಕುವಂತಿರಲಿ.

ಬುಡಾಪೆಸ್ಟ್ ಸಂಜೆಯ ಊರು. ಬುಡಾದ ಗುಡ್ಡದ ಮೇಲೆ ನಿಂತರೆ ಆಚೆ ದಡದ ಪೆಸ್ಟ್‌ನಲ್ಲಿ ಸಂಸತ್ ಭವನದ ದೀಪಗಳು ಹೊತ್ತಿಕೊಂಡು ಡ್ಯಾನ್ಯೂಬ್ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಎರಡೂ ದಡಗಳನ್ನು ಸರಪಳಿ ಸೇತುವೆ 1849ರಲ್ಲಿ ಬೆಸೆಯಿತು. ಬುಡಾ, ಪೆಸ್ಟ್ ಊರುಗಳು ಒಂದಾದದ್ದು 1873ರಲ್ಲಿ. ಇಲ್ಲಿ ಯೂರೊ ಬದಲು ಫೋರಿಂಟ್. ಸಸ್ಯಾಹಾರಿಗಳಿಗೆ ಬೀದಿ ಬದಿಯಲ್ಲಿ ಲಾಂಗೋಷ್ ಸಿಗುತ್ತದೆ: ಎಣ್ಣೆಯಲ್ಲಿ ಕರಿದ ಅಗಲ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್.

ಅಲ್ಲಿಂದ ವಾಯವ್ಯಕ್ಕೆ ಎರಡು ಗಂಟೆ ಓಡಿಸಿದರೆ ಬ್ರಾಟಿಸ್ಲಾವಾ. ಕೋಟೆಯ ಮೇಲಿನಿಂದ ಆಸ್ಟ್ರಿಯಾದ ಬಯಲು ಕಾಣುತ್ತದೆ. ಒಂದೇ ದೇಶವಾಗಿದ್ದ ಜೆಕ್, ಸ್ಲೊವಾಕ್ ಜನ 1993ರ ಜನವರಿ 1ರಂದು ರಕ್ತಪಾತವಿಲ್ಲದೆ ಬೇರೆಯಾದರು. ಆ ಗಡಿಯನ್ನೂ ದಾಟಿ ಬರ್ನೋಕ್ಕೆ ಹೋದರೆ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮಠವಿದೆ. ಹೈಸ್ಕೂಲಿನಲ್ಲಿ ಆ ಪಾಠ ಓದಿದ ಮಕ್ಕಳಿಗೆ ಅಲ್ಲಿನ ತೋಟ ತೋರಿಸಲೇಬೇಕು. ಪ್ರಾಗ್‌ಗೆ ಎರಡು ರಾತ್ರಿ ಇಡಿ. ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆಯನ್ನು ಜನಜಂಗುಳಿ ಸೇರುವ ಮೊದಲು, ಬೆಳಗಿನ ಜಾವ ನೋಡಿ.

ಇನ್ನು ರಸ್ತೆಯ ನಿಯಮ. ಜರ್ಮನಿಯ ಹೆದ್ದಾರಿಗಳಲ್ಲಿ ಕಾರಿಗೆ ಶುಲ್ಕವಿಲ್ಲ. ಉಳಿದ ನಾಲ್ಕು ದೇಶಗಳಲ್ಲಿ ಟೋಲ್ ಗೇಟಿನ ಬದಲು ದಿನ ಅಥವಾ ತಿಂಗಳ ಲೆಕ್ಕದಲ್ಲಿ ಮುಂಗಡವಾಗಿ ಕೊಳ್ಳುವ ವಿನ್ಯೆಟ್ ಎಂಬ ರಸ್ತೆ ಪರವಾನಗಿ ಇದೆ. ಕಾರಿನ ನಂಬರ್ ಸಿಕ್ಕ ಕೂಡಲೇ ಆಯಾ ದೇಶದ ಅಧಿಕೃತ ತಾಣದಲ್ಲೇ ಅದನ್ನು ಕೊಳ್ಳಿ, ಹೆಚ್ಚು ಹಣ ಕೀಳುವ ಮಧ್ಯವರ್ತಿಗಳ ತಾಣಗಳೂ ಇವೆ. ಜೆಕ್, ಸ್ಲೊವಾಕಿಯಾ, ಹಂಗೇರಿಗಳಲ್ಲಿ ಚಾಲಕ ಒಂದು ಹನಿ ಮದ್ಯವನ್ನೂ ಕುಡಿದಿರುವಂತಿಲ್ಲ. ಜರ್ಮನಿ, ಆಸ್ಟ್ರಿಯಾದ ಹೆದ್ದಾರಿಯಲ್ಲಿ ವಾಹನಗಳು ನಿಂತ ತಕ್ಷಣ ಎಡಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸಿಗೆ ನಡುದಾರಿ ಬಿಡಬೇಕು. ಭಾನುವಾರ ಈ ಎರಡೂ ದೇಶಗಳಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ದಿನಸಿ ತುಂಬಿಕೊಳ್ಳಿ.

ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿಯಬೇಡಿ. ಈ ಸುತ್ತಿಗೆ ಎರಡು ವಾರ ಬೇಕು. ಅಷ್ಟು ರಜೆ ಇಲ್ಲದಿದ್ದರೆ ಹಂಗೇರಿಯನ್ನೋ ಜೆಕ್ ನಾಡನ್ನೋ ಮುಂದಿನ ಸಲಕ್ಕೆ ಉಳಿಸಿ. ದೇಶಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ, ಹೋದ ಕಡೆ ಕಾರಿನಿಂದ ಇಳಿದು ನಡೆಯುವಷ್ಟು ಹೊತ್ತು ಮಾತ್ರ ಇರಲಿ.