ಆರಿದ್ರಾ ನಕ್ಷತ್ರ ಸಿಡಿದರೆ ಎರಡು ಸೂರ್ಯ ಕಾಣುತ್ತವೆಯೇ?

‘ಆರಿದ್ರಾ ನಕ್ಷತ್ರ ಇನ್ನೇನು ಸಿಡಿಯುತ್ತದೆ, ಆಕಾಶದಲ್ಲಿ ಎರಡು ಸೂರ್ಯ ಕಾಣುತ್ತವೆ’ ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ನಕ್ಷತ್ರ ಸಿಡಿಯುವುದು ನಿಜ. ಉಳಿದದ್ದು ಸುಳ್ಳು.

ಮೊದಲು ನಕ್ಷತ್ರವನ್ನೇ ನೋಡಿ. ಜನವರಿಯಲ್ಲಿ ರಾತ್ರಿ 8ರ ಹೊತ್ತಿಗೆ ನಂಜನಗೂಡು ತಾಲ್ಲೂಕಿನ ಕಳಲೆಯಂಥ ಊರಿನ ಗದ್ದೆ ಬದುವಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ, ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪಗೆ ಮಿನುಗುವುದೇ ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್. ಇನ್ನೂ ಮೇಲಿರುವ ಕಿತ್ತಳೆ ಬಣ್ಣದ್ದು ರೋಹಿಣಿ.

ಎರಡೂ ಮುಪ್ಪಿನ ನಕ್ಷತ್ರಗಳು. ನಡುವಿನ ಹೈಡ್ರೋಜನ್ ಮುಗಿದಾಗ ನಕ್ಷತ್ರದ ಒಡಲು ಕುಗ್ಗಿ ಕಾಯುತ್ತದೆ, ಹೊರಮೈ ಉಬ್ಬಿ ತಣ್ಣಗಾಗುತ್ತದೆ. ಕುಲುಮೆಯ ಕಬ್ಬಿಣ ಆರುತ್ತಾ ಬಂದಂತೆ ಕೆಂಪಾಗುವುದಿಲ್ಲವೇ, ಹಾಗೆ. ಸೂರ್ಯನ ಹೊರಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆರಿದ್ರಾದ್ದು ಸುಮಾರು 3,300. ರೋಹಿಣಿ ಸೂರ್ಯನಿಗಿಂತ ಸುಮಾರು 44 ಪಟ್ಟು ಅಗಲದ ಕೆಂಪು ದೈತ್ಯ. ಆರಿದ್ರಾ ಮಹಾದೈತ್ಯ: ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನೂ ಮಂಗಳನನ್ನೂ ನುಂಗುವಷ್ಟು ದೊಡ್ಡದು.

ವಯಸ್ಸು? ಸೂರ್ಯನಿಗೆ 460 ಕೋಟಿ ವರ್ಷ, ಆರಿದ್ರಾಕ್ಕೆ ಸುಮಾರು 1 ಕೋಟಿ ಮಾತ್ರ. ತೂಕ ಹೆಚ್ಚಿದಷ್ಟೂ ಇಂಧನ ಬೇಗ ಉರಿದುಹೋಗುತ್ತದೆ, ಮುಪ್ಪೂ ಬೇಗ. ನಮ್ಮ ಸೂರ್ಯ ಕೆಂಪು ದೈತ್ಯನಾಗಲು ಇನ್ನೂ ಸುಮಾರು 500 ಕೋಟಿ ವರ್ಷ ಬೇಕು. ಅದು ಸಿಡಿಯುವಷ್ಟು ಭಾರವಿಲ್ಲ.

2019ರ ಕೊನೆಯಲ್ಲಿ ಆರಿದ್ರಾ ಮಂಕಾಗುತ್ತಾ ಹೋಗಿ, 2020ರ ಫೆಬ್ರವರಿ ಹೊತ್ತಿಗೆ ಬೆಳಕು ಅರ್ಧಕ್ಕಿಂತ ಕಡಿಮೆಯಾಯಿತು. ಈಗಲೇ ಸಿಡಿಯುತ್ತದೆ ಎಂಬ ಗುಲ್ಲು ಆಗ ಜೋರಾಗಿತ್ತು. ಆಗಿದ್ದಿಷ್ಟೇ: ನಕ್ಷತ್ರ ಉಗುಳಿದ ಅನಿಲ ತಣಿದು ಧೂಳಾಗಿ ಅದನ್ನೇ ಮರೆಮಾಡಿತ್ತು. ಕೆಲವೇ ತಿಂಗಳಲ್ಲಿ ಬೆಳಕು ಮರಳಿತು.

ಅದು ಮುಂದಿನ 1 ಲಕ್ಷ ವರ್ಷಗಳಲ್ಲಿ ಎಂದಾದರೂ ಸಿಡಿಯಬಹುದು. ಸಿಡಿದರೂ ಚಂದ್ರನಷ್ಟು ಹೊಳೆಯುವ ಒಂದು ಚುಕ್ಕೆಯಾಗಿ ಕೆಲವು ತಿಂಗಳು ಹಗಲಲ್ಲೂ ಕಂಡೀತು, ಎರಡನೇ ಸೂರ್ಯನಾಗದು. 500 ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರವಿರುವುದರಿಂದ ಭೂಮಿಗೆ ಅಪಾಯವೂ ಇಲ್ಲ.

ಹಾಗಾದರೆ ಆರಿದ್ರಾ ಮಳೆಯ ಗತಿ? ಜೂನ್ 22ರ ಸುಮಾರಿಗೆ ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬರುತ್ತಾನೆ. ಆಗಿನ ಎರಡು ವಾರಗಳ ಮಳೆಗೆ ಆ ಹೆಸರು. ಮಳೆ ತರುವುದು ಮುಂಗಾರು ಮಾರುತ. ನಕ್ಷತ್ರ ಇಲ್ಲವಾದರೂ ಬಿತ್ತನೆಯ ಲೆಕ್ಕ ತಪ್ಪುವುದಿಲ್ಲ.

ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಮಕ್ಕಳನ್ನು ಕರೆದು ಆ ಕೆಂಪು ಚುಕ್ಕೆಯನ್ನು ತೋರಿಸಿ.